ಅಂಬುಬಾಯಿ ಖಾನಾವಳಿಯ ಡಬ್ಬಿ

ನಾನು ಒಂದು ಕಾರ್ಡ್ ಉಜ್ಜುವ ಯಂತ್ರ. ಹುಟ್ಟಿದ ದಿನವೇ ಪೆಟ್ಟು ತಿಂದೆ. ಕಾರ್ಖಾನೆಯಲ್ಲಿ ಹೊಟ್ಟೆಯೊಳಗೆ ತಂತಿಗಳನ್ನು ಕೂರಿಸಿ, ಬೆನ್ನಿಗೆ ಬ್ಯಾಟರಿ ಕಟ್ಟಿ, ಮುಖಕ್ಕೆ ಗುಂಡಿಗಳನ್ನು ಒತ್ತಿ ಮುಗಿಸಿದ ಕೂಡಲೇ ಒಬ್ಬ ದಡೂತಿ ಮನುಷ್ಯ ನನ್ನನ್ನು ಮೇಜಿನ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬೀಳಿಸಿದ. ಮುಖ ಅಡಿಯಾಗಿ ಒಮ್ಮೆ, ಬೆನ್ನು ಅಡಿಯಾಗಿ ಒಮ್ಮೆ. ಎತ್ತಿ ನೋಡಿ "ಬದುಕಿದೆ" ಎಂದ. ನನ್ನ ಪಕ್ಕದ ಯಂತ್ರ ಬಾಯಿ ಬಿಟ್ಟುಕೊಂಡಿತು, ಅದನ್ನು ತೊಟ್ಟಿಗೆ ಹಾಕಿದರು. ಮನುಷ್ಯರ ಮಕ್ಕಳಿಗೂ ಇಂಥದೇ ಪರೀಕ್ಷೆ ಇಟ್ಟಿದ್ದರೆ ಊರುಗಳಲ್ಲಿ ಇಷ್ಟು ಗದ್ದಲ ಇರುತ್ತಿರಲಿಲ್ಲ.

ಬ್ಯಾಂಕಿನವನೊಬ್ಬ ನನ್ನನ್ನು ಬೆಟಗೇರಿಗೆ ತಂದು, ಖಾರದ ಮಾಂಸದೂಟಕ್ಕೆ ಹೆಸರಾದ, ರಸ್ತೆ ಬದಿಯ ಒಂದು ಸಾವಜಿ ಖಾನಾವಳಿಯ ಗಲ್ಲಾದ ಮೇಲೆ ಇಟ್ಟ. ಖಾನಾವಳಿ ಅಂಬುಬಾಯಿಯದು. ಒಲೆ ಅವಳ ಗಂಡ ಹನುಮಂತಸಾನದು. ಅವನದು ಮಾತು ಕಡಿಮೆ, ಖಾರ ಜಾಸ್ತಿ. ಅಂಬುಬಾಯಿ ಎರಡನ್ನೂ ಕಡಿಮೆ ಮಾಡಿದವಳಲ್ಲ. ನನ್ನ ಕಂಪನಿ ನನಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಇಟ್ಟಿತ್ತು. ಅವಳು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ "ಡಬ್ಬಿ" ಎಂದು ಕರೆದಳು. ಬಂದ ವಾರದಲ್ಲೇ ಮಸಾಲೆಯ ಕೆಂಪು ಎಣ್ಣೆ ಗುಂಡಿಗಳ ಸಂದಿಗೆ ಇಳಿಯಿತು, ಮತ್ತೆ ಹೋಗಲಿಲ್ಲ.

ಮೊದಲ ದಿನ ಕಾರ್ಡ್ ಕೊಟ್ಟವನು ಒಬ್ಬ ವಿಮೆ ಏಜೆಂಟ. ಆಡಿನ ಕಾಲಿನ ಪಾಯಾ ಉಂಡು, ಕಾರ್ಡ್ ಉಜ್ಜಿಸಿ, ಹೆಲ್ಮೆಟ್ ಎತ್ತಿಕೊಂಡ. ಅಂಬುಬಾಯಿ ಹೆಲ್ಮೆಟ್‌ನ ಪಟ್ಟಿ ಹಿಡಿದಳು.

"ರೊಕ್ಕ ಎಲ್ಲೈತ್ರಿ?"

"ಬ್ಯಾಂಕಿಗೆ ಹೋತ್ರಿ ಅಕ್ಕಾರ. ನಾಳೆ ನಿಮ್ಮ ಖಾತೆಗೆ ಬರತೈತಿ."

"ಹಂಗಾರ ಹೆಲ್ಮೆಟ್ಟೂ ನಾಳೆ ಒಯ್ರಿ."

ಅವನು ಬರಿ ತಲೆಯಲ್ಲಿ ಗಾಡಿ ಓಡಿಸಿಕೊಂಡು ಹೋದ. ಮರುದಿನ ಹಣ ಬಂತು, ಸ್ವಲ್ಪ ಕಡಿಮೆಯಾಗಿ ಬಂತು. ಅಂಬುಬಾಯಿ ಹೆಲ್ಮೆಟ್ ಕೊಟ್ಟಳು, ಆಮೇಲೆ ಬ್ಯಾಂಕಿನವನಿಗೆ ಫೋನು ಹಚ್ಚಿದಳು. "ಮಟನ್ ತಂದಾಕಿ ನಾ. ಒಲಿ ಮುಂದ ಬೆಂದಾಂವ ನನ್ನ ಗಂಡ. ನಡುವ ಕಡಿಮಿ ಬಿದ್ದ ರೊಕ್ಕ ಯಾವ ಪುಣ್ಯಾತ್ಮ ತಿಂದ?"

ಪುಣ್ಯಾತ್ಮ ಯಾರೆಂದು ಹೇಳುತ್ತೇನೆ ಕೇಳಿ. ಊಟ ಮಾಡುವವನ ಕೈಯಲ್ಲಿ ತಿಂಗಳ ಕೊನೆಗೆ ಹಣ ಇರುವುದಿಲ್ಲ, ಹಸಿವೆ ಇರುತ್ತದೆ. ಕಾರ್ಡಿನ ಕಂಪನಿ ನನ್ನ ಬಾಯಿಂದ ಅಂಗಡಿಯವಳಿಗೆ ಹೇಳುತ್ತದೆ: ನೀನು ಊಟ ಹಾಕು, ಹಣಕ್ಕೆ ನಾನು ಹೊಣೆ. ಮರುದಿನ ಅಂಗಡಿಯವಳಿಗೆ ಕೊಡುತ್ತದೆ, ಕೊಡುವಾಗ ಒಂದು ಚಿಟಿಕೆ ತಾನು ಇಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು ಉಂಡವನಿಂದ ವಸೂಲಿ ಮಾಡುತ್ತದೆ. ಅವನು ತಡ ಮಾಡಿದರೆ ಬಡ್ಡಿಯಲ್ಲಿ ಚರ್ಮ ಸುಲಿಯುತ್ತದೆ, ಅದೂ ನಿಜ. ಆದರೆ ಆ ಒಂದು ಮಾತಿನ ಮೇಲೆ ಖಾನಾವಳಿ ತಿಂಗಳ ಕೊನೆಯಲ್ಲೂ ತುಂಬತೊಡಗಿತು. ಅರ್ಧ ಆಡು ತರಿಸುತ್ತಿದ್ದ ಅಂಬುಬಾಯಿ ಇಡೀ ಆಡು ತರಿಸಿದಳು. ಮಾಂಸದ ಖಾಜಾಸಾಬ ಕಂತಿನ ಮೇಲೆ ಫ್ರಿಜ್ ಕೊಂಡ. ರೊಟ್ಟಿ ಬಡಿಯುವ ಹೆಂಗಸರಿಗೆ ಸಂಜೆಯೇ ಕೂಲಿ ಸಿಕ್ಕಿತು. ಫ್ರಿಜ್ ಇಳಿಸಲು ಬಂದ ಡ್ರೈವರ್ ನಮ್ಮಲ್ಲೇ ಖೀಮಾ ತಿಂದು ಕಾರ್ಡ್ ಉಜ್ಜಿಸಿದ. ಇಷ್ಟೆಲ್ಲ ಓಡಾಟದಲ್ಲಿ ನೋಟು ಮುಖ ತೋರಿಸಿದ್ದು ಕಡಿಮೆ.

ಇದು ಅರ್ಥವಾಗದ ಒಬ್ಬ ಗಿರಾಕಿ ಇದ್ದ. ಅವನ ಹೆಸರು ಬರಮಪ್ಪ, ಊರಿಗೆಲ್ಲ ಬರಮ್ಯಾ. ಮರಳು ಲಾರಿಗಳನ್ನು ಅಡ್ಡ ಹಾಕಿ, ಡ್ರೈವರ್‌ಗಳ ಕಪಾಳಕ್ಕೆ ಬಿಟ್ಟು ಮಾಮೂಲು ಎತ್ತುವುದು ಅವನ ಕಸುಬು. ಹಿಂದೆ ಬಾಲದ ಹಾಗೆ ಯಲ್ಲ್ಯಾ ಎಂಬವನು ಇರುತ್ತಿದ್ದ. ಒಂದು ದಿನ ಒಬ್ಬ ಗುತ್ತಿಗೆದಾರ ತನ್ನ ಆಳುಗಳಿಗೆಲ್ಲ ಊಟ ಹಾಕಿಸಿ ಒಂದೇ ಸಲಕ್ಕೆ ಮೂವತ್ತು ಸಾವಿರ ಉಜ್ಜಿಸಿದ. ಪಕ್ಕದ ಮೇಜಿನಲ್ಲಿ ಎಲುಬು ಚೀಪುತ್ತಿದ್ದ ಬರಮ್ಯಾ ಚೀಪುವುದನ್ನು ಬಿಟ್ಟ.

"ಅಷ್ಟೂ ರೊಕ್ಕ ಆ ಡಬ್ಬ್ಯಾಗ ಹೋತೇನಲೇ?" ಎಂದು ಯಲ್ಲ್ಯಾನನ್ನು ಕೇಳಿದ.

"ಹೂಂ ಅಣ್ಣಾ, ಜಗ್ಗಿತು ನೋಡು."

ಅವತ್ತಿನಿಂದ ಅವನು ಉಣ್ಣುವಾಗ ತಾಟು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನನಗೆ ಆ ನೋಟ ಹಿಡಿಸಲಿಲ್ಲ. ಆಡನ್ನು ಖಾಜಾಸಾಬ ಹಾಗೆ ನೋಡುತ್ತಾನೆ.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದು, ಆಳುಗಳೆಲ್ಲ ಮನೆಗೆ ಹೋಗಿ, ಗಂಡ ಹೆಂಡತಿ ಇಬ್ಬರೇ ಉಳಿದಿದ್ದಾಗ ಬರಮ್ಯಾ, ಯಲ್ಲ್ಯಾ ಒಳಗೆ ಬಂದರು. ಯಲ್ಲ್ಯಾ ಬಾಗಿಲು ಹಾಕಿದ. ಬರಮ್ಯಾ ಅಂಗಿಯ ಹಿಂದಿನಿಂದ ಮಚ್ಚು ತೆಗೆದು ನೇರ ನನ್ನ ಕಡೆ ನಡೆದ. ಹನುಮಂತಸಾ ಅಡ್ಡ ಬಂದು ನಿಂತ. ಮಚ್ಚಿನ ಬೆನ್ನು ಅವನ ಮೊಣಕೈ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು, ಮುಂಗೈ ಬೇರೆ ದಿಕ್ಕಿಗೆ ತಿರುಗಿ ಜೋತುಬಿತ್ತು. ಅಂಬುಬಾಯಿ ಒಲೆಯ ಮೇಲಿನ ಕುದಿಯುವ ರಸವನ್ನು ಸೌಟು ತುಂಬ ಎತ್ತಿ ಬೀಸಿದಳು. ಅದು ಯಲ್ಲ್ಯಾನ ಕಿವಿ, ಕುತ್ತಿಗೆಗೆ ಹೊಡೆಯಿತು. ಅವನು ಅರಚುತ್ತ ನೆಲದ ಮೇಲೆ ಹೊರಳಾಡಿದ. ಬರಮ್ಯಾ ಅವಳ ಹೊಟ್ಟೆಗೆ ಒದ್ದ. ಅವಳು ತಾಟುಗಳ ರಾಶಿಯ ಮೇಲೆ ಹೋಗಿ ಬಿದ್ದಳು.

ಯಲ್ಲ್ಯಾ ಅಳುತ್ತಲೇ ಗಲ್ಲಾದ ಮುಚ್ಚಳ ಎತ್ತಿದ. ಒಳಗೆ ನೋಟುಗಳಿದ್ದವು. ಬರಮ್ಯಾ ಅವನ ಕೈಗೆ ಹೊಡೆದ.

"ಗಲ್ಲಾ ಬಿಡಲೇ. ಅದು ಒಮ್ಮಿ ಖಾಲಿ ಆತಂದ್ರ ಆತು. ಇದು ದಿನಾ ಹಾಲು ಕೊಡೂ ಎಮ್ಮಿ."

ಹೀಗೆ ಕಣ್ಣೆದುರಿಗೆ ಇದ್ದ ಹಣವನ್ನು ಬಿಟ್ಟು ಅವರು ನನ್ನನ್ನು ಹೊತ್ತುಕೊಂಡು ಹೋದರು. ಚಾರ್ಜರ್ ಮರೆಯಲಿಲ್ಲ. ಎಮ್ಮೆಗೆ ಹಗ್ಗ ಬೇಕಲ್ಲ!

ಅಂಬುಬಾಯಿ ಗಂಡನನ್ನು ಆಸ್ಪತ್ರೆಗೆ ಒಯ್ದಳು. ಪುಣ್ಯಕ್ಕೆ ಗಲ್ಲಾ ಉಳಿಯಿತು, ಹೋದದ್ದು ಪ್ಲಾಸ್ಟಿಕ್ ಡಬ್ಬಿ ಎಂದು ನೆರೆಯವರು ಸಮಾಧಾನ ಹೇಳಿದರು. ಬ್ಯಾಂಕಿಗೆ ತಿಳಿಸಿ ನನ್ನ ಬಾಯಿ ಕಟ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಕೆಲಸವೂ ಅವತ್ತು ಆಗಲಿಲ್ಲ. ದಿನಾ ಖಾನಾವಳಿ ಮುಚ್ಚುವಾಗ ಅಂಬುಬಾಯಿ ನನ್ನ ಒಂದು ಗುಂಡಿ ಒತ್ತಿ ಅಂದಿನ ಲೆಕ್ಕ ಮುಗಿಸುತ್ತಿದ್ದಳು. ಆಗ ಮಾತ್ರ ಹಣ ಕಂಪನಿಯಿಂದ ಅವಳ ಖಾತೆಯ ಕಡೆಗೆ ಹೊರಡುತ್ತದೆ. ಅಲ್ಲಿಯವರೆಗೆ ಅದು ಹೊಸ್ತಿಲ ಮೇಲೆ ನಿಂತಿರುತ್ತದೆ, ಕರೆದರೆ ಹಿಂದಕ್ಕೂ ಬರುತ್ತದೆ.

ಅದೇ ದಿನ ಹೊತ್ತು ಇಳಿಯುವಾಗ ಮುಂಡರಗಿ ರಸ್ತೆಯಲ್ಲಿ ಯಲ್ಲ್ಯಾ ಸುಟ್ಟ ಕುತ್ತಿಗೆಗೆ ಎಣ್ಣೆ ಬಳಿದುಕೊಂಡು, ಬೈಕನ್ನು ಅಡ್ಡ ಮಲಗಿಸಿ, ಅಪಘಾತವಾದವನ ಹಾಗೆ ಕೂತ. ಒಂದು ಕಾರು ನಿಂತಿತು. ಇಳಿದವನು ಅಂದಾನೆಪ್ಪ, ನೀರೆತ್ತುವ ಪಂಪ್‌ಸೆಟ್ ಮಾರುವ ವ್ಯಾಪಾರಿ. "ಯಾಕಪ್ಪಾ, ಭಾಳ ಪೆಟ್ಟು ಹತ್ತೈತೇನು?" ಎಂದು ಬಗ್ಗಿದ. ಬರಮ್ಯಾ ಹಿಂದಿನಿಂದ ಬಂದು ಅವನ ತಲೆಯನ್ನು ಕಾರಿನ ಬಾಗಿಲಿಗೆ ಕುಟ್ಟಿದ.

ಜೇಬಿನಿಂದ ಕ್ರೆಡಿಟ್ ಕಾರ್ಡ್ ಕಿತ್ತು ನನ್ನ ಬಾಯಿಗೆ ತುರುಕಿದರು. ತೊಂಬತ್ತು ಸಾವಿರ ಎಂದು ಒತ್ತಿದರು. ನಾನು ಗುಟ್ಟಿನ ನಂಬರ್ ಕೇಳಿದೆ, ಅದು ನನ್ನ ಕೆಲಸ. ಅಂದಾನೆಪ್ಪ ಸುಳ್ಳು ನಂಬರ್ ಹೇಳಿದ. ತಪ್ಪು ಎಂದೆ. ಅವನ ಪಕ್ಕೆಗೆ ಒದೆ ಬಿತ್ತು. ಮತ್ತೆ ಸುಳ್ಳು ಹೇಳಿದ. ಮತ್ತೆ ತಪ್ಪು ಎಂದೆ. ಬರಮ್ಯಾ ಅವನ ಕಿರುಬೆರಳನ್ನು ಹಿಂದಕ್ಕೆ ಬಾಗಿಸಿ ಮುರಿದ. ಇನ್ನೊಂದು ಸಲ ತಪ್ಪಿದರೆ ಕಾರ್ಡೇ ಸತ್ತುಹೋಗುತ್ತಿತ್ತು, ಅದು ನನಗೆ ಗೊತ್ತಿತ್ತು, ಪಾಪ ಅವನಿಗೆ ನೆನಪಾಗಲಿಲ್ಲ. ಮೂರನೆಯ ಸಲ ಅವನೇ ಒತ್ತಿದ. ಗುಂಡಿಗಳ ಮೇಲೆ ಮಸಾಲೆಯ ಎಣ್ಣೆಯ ಜೊತೆ ರಕ್ತ ಸೇರಿತು. ನಂಬರ್ ಸರಿಯಿತ್ತು. ಅದನ್ನು ಹೇಗೆ ಒತ್ತಿಸಿದರು ಎಂದು ಕೇಳುವ ಗುಂಡಿಯನ್ನು ನನಗೆ ಯಾರೂ ಇಟ್ಟಿಲ್ಲ.

ನಾನು ಚೀಟಿ ಹೊರಹಾಕಿದೆ. ಇಬ್ಬರೂ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದರು.

"ಚೀಟಿ ಬಂತು. ರೊಕ್ಕ?" ಎಂದ ಬರಮ್ಯಾ.

"ಹಿಂದಿಂದ ಬರತೈತೇನೋ ಅಣ್ಣಾ." ಯಲ್ಲ್ಯಾ ನನ್ನನ್ನು ತಲೆಕೆಳಗೆ ಹಿಡಿದು ಜಾಡಿಸಿದ. ಕಿವಿಗೆ ಇಟ್ಟುಕೊಂಡು ಕೇಳಿದ. ಬೆನ್ನಿಗೆ ಗುದ್ದಿದ.

ನೆಲದ ಮೇಲೆ ಬಿದ್ದಿದ್ದ ಅಂದಾನೆಪ್ಪನಿಗೆ ನಗು ಬಂತು. ಎಂಥ ಹೊತ್ತಿನಲ್ಲಿ ಬರಬಾರದೋ ಅಂಥ ಹೊತ್ತಿನಲ್ಲಿ ಬಂತು. "ಲೇ ಹುಚ್ಚಪ್ಯಾಲಿಗಳ್ರಾ, ರೊಕ್ಕ ಡಬ್ಬ್ಯಾಗ ಇರತೈತೇನು? ಡಬ್ಬಿ ಯಾರದೋ ಅವರ ಖಾತೆಗೆ ಹೋಗತೈತಿ!"

ಬರಮ್ಯಾ ಬೂಟುಗಾಲಿನಿಂದ ಆ ನಗುವಿನ ಮೇಲೆ ತುಳಿದ. ಮುಂದಿನ ಹಲ್ಲುಗಳು ಹೋದವು, ದವಡೆ ಸರಿಯಿತು. ಕಾರ್ಡನ್ನು ಇಟ್ಟುಕೊಂಡು, ಅವನನ್ನು ರಸ್ತೆ ಬದಿಯ ಕಾಲುವೆಗೆ ಉರುಳಿಸಿ ಹೋದರು.

ಮುಂದಿನ ಒಂದು ಸಂಗತಿ ನಾನು ಆಮೇಲೆ ಪೊಲೀಸ್ ಠಾಣೆಯಲ್ಲಿ ಕೇಳಿದ್ದು. ಯಾರೋ ಲಾರಿಯವರು ಅಂದಾನೆಪ್ಪನನ್ನು ಆಸ್ಪತ್ರೆಗೆ ಮುಟ್ಟಿಸಿದರು. ದವಡೆ ಕಟ್ಟಿದ್ದರಿಂದ ಅವನಿಗೆ ಮಾತಾಡಲು ಬರಲಿಲ್ಲ. ಅವನ ತಮ್ಮಂದಿರು ಕಾರಿನಲ್ಲಿ ಬಿದ್ದಿದ್ದ ಫೋನು ತೆರೆದು ನೋಡಿದರು. ಕಾರ್ಡಿನ ಕಂಪನಿಯ ಸಂದೇಶ ಬಂದಿತ್ತು: ಅಂಬುಬಾಯಿ ಖಾನಾವಳಿಗೆ ತೊಂಬತ್ತು ಸಾವಿರ ಸಂದಾಯ. ಅಣ್ಣ ರಕ್ತದ ಮಡುವಿನಲ್ಲಿ, ಹಣ ಅಂಬುಬಾಯಿಯ ಖಾತೆಯಲ್ಲಿ. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಬೆಳಗಾದ ಕೂಡಲೇ ಬಡಿಗೆ ಎತ್ತಿಕೊಂಡು ಹೊರಟರು.

ಆ ಬೆಳಗ್ಗೆ ಅಂಬುಬಾಯಿ ಗಂಡನಿಗೆ ಗಂಜಿ ಕಾಯಿಸಲು ಖಾನಾವಳಿಯ ಬಾಗಿಲು ತೆರೆದಿದ್ದಳು. ಅಂದಾನೆಪ್ಪನ ತಮ್ಮಂದಿರಿಗಿಂತ ಮೊದಲು ಬಂದವನು ಬರಮ್ಯಾ. ನನ್ನನ್ನೂ, ಚೀಟಿಯನ್ನೂ, ಕಾರ್ಡನ್ನೂ ಅವಳ ಮುಂದೆ ಇಟ್ಟ. ಯಲ್ಲ್ಯಾ ಬಾಗಿಲ ಹತ್ತಿರ ನಿಂತ.

"ನನ್ನ ತೊಂಬತ್ತು ಸಾವಿರ ತೆಗಿ."

"ಯಾವ ತೊಂಬತ್ತು ಸಾವಿರ?"

"ನಿನ್ನ ಖಾತೆಗೆ ಬಂದೈತಿ. ಬ್ಯಾಂಕಿಗೆ ನಡಿ, ತೆಗದು ಕೊಡು. ಒಂದು ಮಾತು ಹೊರಗ ಬಿದ್ರ ನಿನ್ನ ಗಂಡ ಆಸ್ಪತ್ರೆಯಿಂದ ಹೆಣ ಆಗಿ ಬರತಾನ."

ಅಂಬುಬಾಯಿ ಚೀಟಿ ಓದಿದಳು. ಮೇಲೆ ತನ್ನ ಖಾನಾವಳಿಯ ಹೆಸರು. ಕಾರ್ಡ್ ತಿರುಗಿಸಿ ನೋಡಿದಳು. ಅಂದಾನೆಪ್ಪನ ಹೆಸರಿನ ಅಕ್ಷರಗಳಲ್ಲಿ ರಕ್ತ ಒಣಗಿತ್ತು. ಅವಳು ಕಾರ್ಡನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಭಯ ಅರ್ಧ, ಸಿಟ್ಟು ಅರ್ಧ. ಆ ಕೈಯನ್ನು ನಾನು ಚೆನ್ನಾಗಿ ಬಲ್ಲೆ.

"ಯಾರನ್ನ ಬಡದ್ರಿ?"

"ಅದು ನಿನಗ್ಯಾಕ?"

ಅವಳು ನನ್ನ ಪರದೆ ನೋಡಿದಳು. ನಿನ್ನೆಯ ಲೆಕ್ಕ ಮುಗಿದಿಲ್ಲ ಎಂದು ಅಲ್ಲಿ ಕಾಣುತ್ತಿತ್ತು. ಗಡಿಬಿಡಿಯಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿ, ಆಮೇಲೆ ಗಿರಾಕಿಗೆ ಹಣ ತಿರುಗಿಸಿದ ಅಭ್ಯಾಸ ಅವಳಿಗೆ ಇತ್ತು.

"ರೊಕ್ಕ ನನ್ನ ಖಾತೆಗೆ ಇನ್ನೂ ಬಂದಿಲ್ಲ ಬರಮಪ್ಪ. ನಡುವ ನಿಂತೈತಿ. ತಿರುಗಿಸಬೇಕು. ಕಾರ್ಡ್ ಹಾಕತೀನಿ, ತಡಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಿರುಗಿಸಿದರೆ ತನ್ನ ಕೈಗೇ ಬೀಳುತ್ತದೆ ಎಂದು ಬರಮ್ಯಾ ತಿಳಿದ. ಮಚ್ಚನ್ನು ಅವಳ ಕುತ್ತಿಗೆಯ ಬದಿಗೆ ತಾಗಿಸಿ "ಬೇಗ" ಎಂದ.

ಅಂಬುಬಾಯಿ ಸೆರಗಿನಿಂದ ಕಾರ್ಡ್ ಒರೆಸಿ ನನ್ನ ಬಾಯಿಗಿಟ್ಟಳು. ಹಣ ತಿರುಗಿಸಲು ಅಂಗಡಿಯವಳಿಗೆಂದೇ ಕೊಟ್ಟಿದ್ದ ಗುಟ್ಟಿನ ನಂಬರ್ ಒತ್ತಿದಳು. ವ್ಯವಹಾರ ರದ್ದು ಮಾಡುವುದು ಖಚಿತವೇ ಎಂದು ನಾನು ಕೇಳಿದೆ. ಖಚಿತ ಎಂದು ಹಸಿರು ಗುಂಡಿ ಒತ್ತಿದಳು. ಸಿಗ್ನಲ್ ಹುಡುಕುತ್ತ ನಾನು ಒದ್ದಾಡಿದೆ. ಜೀವನದಲ್ಲಿ ಅಷ್ಟು ಜೋರಾಗಿ ಯಾವತ್ತೂ ಕೂಗಿರಲಿಲ್ಲ. ಕೊನೆಗೆ ಆ ಕಡೆಯಿಂದ ಓಗೊಟ್ಟರು. ತೊಂಬತ್ತು ಸಾವಿರ ಅಂದಾನೆಪ್ಪನ ಕಾರ್ಡಿಗೆ ಹಿಂದಿರುಗಿತು.

ಯಲ್ಲ್ಯಾ ಬಗ್ಗಿ ನನ್ನ ಪರದೆ ಓದಿದ. "ಅಣ್ಣಾ, ರದ್ದು ಅಂತ ಬಂತು."

"ಏನ್ ಮಾಡಿದಿ?" ಎಂದ ಬರಮ್ಯಾ.

"ಯಾರದೋ ಅವರಿಗೆ ಹೋತು."

ಮಚ್ಚು ಮೇಲೆ ಹೋದದ್ದನ್ನು ಕಂಡೆ. ಅವಳ ಬಲಗೈ ಇನ್ನೂ ನನ್ನ ಮೇಲೇ ಇತ್ತು. ಕತ್ತರಿಸಿದ್ದು ಎರಡು ಬೆರಳು, ಅವುಗಳ ಕೆಳಗೆ ನನ್ನ ಮುಖ. ಪರದೆ ಒಡೆದು ಅಲಗು ಹೊಟ್ಟೆಯವರೆಗೆ ಇಳಿಯಿತು. ನಮ್ಮ ಜಾತಿಗೆ ಒಂದು ಕಟ್ಟಳೆ ಇದೆ, ಯಾರಾದರೂ ಮೈ ಬಿಚ್ಚಿದರೆ ಒಳಗಿನ ಗುಟ್ಟುಗಳನ್ನೆಲ್ಲ ಆ ಕ್ಷಣವೇ ಅಳಿಸಿಬಿಡುತ್ತೇವೆ. ಖಾತೆ, ನಂಬರ್, ಬೀಗದ ಕೈಗಳು, ಎಲ್ಲವೂ ಹೋದವು. ಕೂಗುವ ಶಕ್ತಿ ಹೋಯಿತು. ಕಂಡದ್ದು ಮಾತ್ರ ಉಳಿದಿದೆ, ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಅಂಬುಬಾಯಿ ಕೈಯನ್ನು ಸೆರಗಿಗೆ ಸುತ್ತಿಕೊಂಡು ಗೋಡೆಗೆ ಒರಗಿದಳು. ಬರಮ್ಯಾ ಅಲಗನ್ನು ನನ್ನ ಹೊಟ್ಟೆಯಿಂದ ಕೀಳುತ್ತಿದ್ದ. ಆಗ ಅಂದಾನೆಪ್ಪನ ತಮ್ಮಂದಿರು ಮೂವರು ಯಲ್ಲ್ಯಾನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು.

"ಅಂಬುಬಾಯಿ ಯಾರು?"

"ನಾನ," ಎಂದಳು.

ಅವರಲ್ಲಿ ದೊಡ್ಡವನು ಬಡಿಗೆ ಎತ್ತಿ, ಇನ್ನೊಂದು ಕೈಯಿಂದ ಫೋನನ್ನು ಅವಳ ಮುಖಕ್ಕೆ ಹಿಡಿದ. "ನಮ್ಮಣ್ಣನ್ನ ಬಡಿಸಿ ರೊಕ್ಕ ಜಗ್ಗೀಯೇನ? ಓದು, ಏನ್ ಬರದೈತಿ ಓದು!"

"ನೀ ಓದು," ಎಂದಳು ಅವಳು. ಅವಳ ಕಣ್ಣು ಮುಚ್ಚುತ್ತಿದ್ದವು.

ಅವನು ಫೋನನ್ನು ತನ್ನ ಕಡೆ ತಿರುಗಿಸಿ ಓದಿದ. ಹಳೆಯ ಸಂದೇಶದ ಮೇಲೆ ಈಗಷ್ಟೇ ಬಂದ ಇನ್ನೊಂದು ಇತ್ತು: ಅಂಬುಬಾಯಿ ಖಾನಾವಳಿಯಿಂದ ತೊಂಬತ್ತು ಸಾವಿರ ವಾಪಸು. ಎತ್ತಿದ ಬಡಿಗೆ ಎತ್ತಿದ ಹಾಗೇ ನಿಂತಿತು. ಅವನು ಅವಳ ಸೆರಗಿನಿಂದ ಸುರಿಯುವ ರಕ್ತವನ್ನು ನೋಡಿದ, ಬರಮ್ಯಾನ ಕೈಯ ಮಚ್ಚನ್ನು ನೋಡಿದ.

ಆಮೇಲೆ ನಡೆದದ್ದನ್ನು ಹೊಡೆದಾಟ ಎನ್ನಲಾಗದು, ಹೊಡೆತವಷ್ಟೇ. ಮೊದಲ ಪೆಟ್ಟಿಗೆ ಮಚ್ಚು ಹಾರಿತು. ಎರಡನೆಯದಕ್ಕೆ ಬರಮ್ಯಾನ ಮೊಣಕಾಲು ಹಿಂದಕ್ಕೆ ಮಡಚಿತು. ಯಲ್ಲ್ಯಾ ಮೇಜಿನ ಕೆಳಗೆ ತೂರಿದ, ಕಾಲು ಹಿಡಿದು ಎಳೆದು ಅವನ ಬೆನ್ನು ಮುರಿಯುವಂತೆ ಬಾರಿಸಿದರು. ಬರಮ್ಯಾ "ಯವ್ವಾ" ಎಂದು ಕೂಗಿದ. ಲಾರಿ ಡ್ರೈವರ್‌ಗಳೂ ಅವನ ಮುಂದೆ ಹೀಗೇ ಕೂಗಿದ್ದರು. ದೊಡ್ಡವನು ಬಡಿಗೆಯನ್ನು ತಲೆಯ ನೇರಕ್ಕೆ ಎತ್ತಿದ. ನನಗೆ ಸಂತೋಷವಾಯಿತು, ಮುಚ್ಚಿಡುವುದೇಕೆ? ಹೊಡೆಯಲಿ ಎಂದುಕೊಂಡೆ.

"ಸಾಕು ಮಾಡ್ರಿ!" ಅಂಬುಬಾಯಿ ಎಲ್ಲಿಂದ ದನಿ ತಂದಳೋ. "ಇಲ್ಲಿ ಹೆಣ ಕೆಡವಬ್ಯಾಡ್ರಿ. ಇಲ್ಲಿ ಮಂದಿ ಉಣತಾರ!"

ಬಡಿಗೆ ಕೆಳಗಿಳಿಯಿತು. ಬರಮ್ಯಾ ಬದುಕಿದ. ಕಾಲು ಮಾತ್ರ ನೆಟ್ಟಗಾಗಲಿಲ್ಲ ಎಂದು ಕೇಳಿದ್ದೇನೆ.

ಈಗ ನಾನು ಠಾಣೆಯ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ಅಪರಾಧದಲ್ಲಿ ಸಿಕ್ಕ ವಸ್ತುಗಳನ್ನೆಲ್ಲ ಇಲ್ಲಿ ಕೂಡಿಡುತ್ತಾರೆ. ಕುತ್ತಿಗೆಗೆ ದಾರ ಕಟ್ಟಿ ನಂಬರ್ ತೂಗುಹಾಕಿದ್ದಾರೆ. ಪಕ್ಕದಲ್ಲೇ ಆ ಮಚ್ಚು ಇದೆ, ನಾವಿಬ್ಬರೂ ಮಾತಾಡುವುದಿಲ್ಲ. ಮಲಗಿದಲ್ಲೇ ಯೋಚಿಸುತ್ತೇನೆ. ಆ ತೊಂಬತ್ತು ಸಾವಿರವನ್ನು ಯಾರೂ ಕಣ್ಣಿನಿಂದ ನೋಡಲಿಲ್ಲ. ಅದು ಎಲ್ಲಿಂದಲೂ ಹೊರಡಲಿಲ್ಲ, ಎಲ್ಲಿಗೂ ಮುಟ್ಟಲಿಲ್ಲ. ಒಂದು ಮಾತಾಗಿ ಹೋಗಿ ಮಾತಾಗಿಯೇ ಹಿಂದೆ ಬಂತು. ಅಂಥ ಮಾತಿನ ಮೇಲೆ ಇಡೀ ಪೇಟೆ ಉಂಡು ಮಲಗುತ್ತದೆ, ಅದೇ ಮಾತಿಗೆ ಹಲ್ಲೂ ಬೆರಳೂ ಹೋಗುತ್ತವೆ.

ಒಂದೇ ಒಂದು ಸಲ ನನ್ನನ್ನು ಹೊರಗೆ ಒಯ್ದರು, ಸಾಕ್ಷಿಗೆಂದು ನ್ಯಾಯಾಲಯಕ್ಕೆ. ವಿಚಾರಣೆ ಮುಗಿದ ಮೇಲೆ ಕಾನ್‌ಸ್ಟೇಬಲ್ ನನ್ನನ್ನು ಚೀಲದಲ್ಲಿ ಹಿಡಿದು ಜಗಲಿಯಲ್ಲಿ ಜೀಪಿಗಾಗಿ ಕಾಯುತ್ತಿದ್ದ. ಅಂಬುಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಅಂದಾನೆಪ್ಪ ಅವಳ ಹತ್ತಿರ ಬಂದ. ಹಲ್ಲಿಲ್ಲದ ಬಾಯಲ್ಲಿ ಗಾಳಿ ಸೋರುತ್ತಿತ್ತು.

"ಒಂದ್ ಮಾತು ಹೇಳತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕಾರ. ನಾ ಆಮ್ಯಾಲ ಕಾರ್ಡಿನವರನ್ನ ಕೇಳಿದೆ. ಬಡದು ಉಜ್ಜಿಸಿದ್ದು ಅಂತ ಪೊಲೀಸರ ಕಾಗದ ಕೊಟ್ಟಿದ್ರ ಅವರ ನನಗ ತುಂಬಿ ಕೊಡತಿದ್ರಂತ. ನೀವು ಆ ಮಗಗ ಹೂಂ ಅಂದು ಬ್ಯಾಂಕಿಗೆ ಹೋಗಿದ್ರೂ ನನಗೇನೂ ನುಕ್ಸಾನ ಆಗತಿರಲಿಲ್ಲ. ನಿಮ್ಮ ಬೆರಳು ಉಳೀತಿದ್ವು."

ಅಂಬುಬಾಯಿ ತನ್ನ ಕೈ ನೋಡಿಕೊಂಡಳು. ಅವಳಿಗೆ ಅಳು ಬಂತು. ಎಡಗೈಯಿಂದ ಒರೆಸಿಕೊಂಡಳು.

"ನಿಮ್ಮ ಫೋನಿನ್ಯಾಗ ನನ್ನ ಖಾನಾವಳಿ ಹೆಸರು ಬಿದ್ದಿತ್ತಲ್ರಿ. ಒಂದು ತುತ್ತು ಉಣ್ಣದಾಂವನ ಕಡೆಯಿಂದ ಅಂಬುಬಾಯಿ ರೊಕ್ಕ ತೊಗೊಂಡ್ಲು ಅಂತ ಬಿದ್ದಿತ್ತು. ಅದನ್ನ ಯಾವ ಕಂಪನಿ ತುಂಬಿ ಕೊಡತಿತ್ತು?"

ಅಂದಾನೆಪ್ಪ ಕೇಳಿದ: "ಇವತ್ತ ಖಾನಾವಳಿ ತೆರದೈತೇನ್ರಿ ಅಕ್ಕಾರ?"

"ತೆರದೈತಿ. ನಮ್ಮವರು ಒಂದ ಕೈಲೆ ಖೀಮಾ ಮಾಡ್ಯಾರ, ಅಗಿಯೂದು ಬ್ಯಾಡ, ಹಂಗ ಇಳಿಯತೈತಿ. ಬರ್ರಿ, ಉಂಡು ರೊಕ್ಕ ಕೊಡ್ರಿ."

ಇಬ್ಬರೂ ಮೆಟ್ಟಿಲು ಇಳಿದು ಹೋದರು. ನನ್ನನ್ನು ಮತ್ತೆ ಈ ಕೋಣೆಗೆ ತಂದು ಮಚ್ಚಿನ ಪಕ್ಕದಲ್ಲಿ ಇಟ್ಟರು. ಅಂದಾನೆಪ್ಪ ಅವತ್ತು ಕಾರ್ಡ್ ಕೊಟ್ಟನೋ ನೋಟು ಕೊಟ್ಟನೋ ನನಗೆ ಗೊತ್ತಿಲ್ಲ. ಉಂಡೇ ಕೊಟ್ಟಿರುತ್ತಾನೆ.